ನಾಳಿದ್ದು

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ‘ನಾಳಿದ್ದು’ ಎಂಬ ಮಾತಿನಲ್ಲಿ ಅಷ್ಟಾಗಿ ನಂಬಿಕೆಯಿಲ್ಲ. ದರ್ಜಿ ಹೇಳುವ ನಾಳಿದ್ದು, ಸಾಲ ಪಡೆದವನು ಹೇಳುವ ನಾಳಿದ್ದು, ಪ್ರಬಂಧ ಒಪ್ಪಿಸಬೇಕಾದ ವಿದ್ಯಾರ್ಥಿ ಹೇಳುವ ನಾಳಿದ್ದು—ಇವು ಯಾವ ಪಂಚಾಂಗದಲ್ಲೂ ಸಿಕ್ಕದ ದಿನಗಳು. ಆದರೆ ಇದೇ ಮಾತನ್ನು ನಂಬಿ ಪ್ರಾಣ ತೆತ್ತ ಹುಡುಗರೂ ಇದ್ದರು, ಪೋಲೆಂಡಿನಲ್ಲಿ.

1939ರ ಸೆಪ್ಟೆಂಬರಿನಲ್ಲಿ ಜರ್ಮನರ ಮುತ್ತಿಗೆಗೆ ಸಿಕ್ಕಿ ವಾರ್ಸಾ ನಗರ ಶರಣಾಗುವ ಹೊತ್ತು. 27ರಂದು ಅಲ್ಲಿಯ ಸ್ಕೌಟ್ ಮುಂದಾಳುಗಳು ಕೆಲವರು ಸೇರಿ, ತಮ್ಮ ಬಳಗವನ್ನು ಗುಪ್ತವಾಗಿ ನಡೆಸುವುದೆಂದು ನಿಶ್ಚಯಿಸಿದರು. ಫ್ಲೋರಿಯಾನ್ ಮಾರ್ಚಿನ್ಯಾಕ್ ಎಂಬ ತರುಣ ಅದರ ನಾಯಕನಾದ. ಬಳಗಕ್ಕೆ ‘ಬೂದುಬಣ್ಣದ ಪಡೆ’ ಎಂಬ ಹೆಸರು ಬಂತು. ಗುಟ್ಟಿನ ಮಾತಿನಲ್ಲಿ ಕೇಂದ್ರಕ್ಕೆ ಜೇನುತೋಟವೆಂದೂ ಪ್ರಾಂತಕ್ಕೆ ಜೇನುಗೂಡೆಂದೂ ಕರೆದರು. ಸಿಕ್ಕಿಬಿದ್ದರೆ ಸೆರೆ, ಚಿತ್ರಹಿಂಸೆ, ಮರಣ. ಆದರೂ 1944ರ ಹೊತ್ತಿಗೆ ಗೂಡಿನಲ್ಲಿ 8,000ಕ್ಕೂ ಮಿಕ್ಕ ಜೇನುಗಳಿದ್ದವು!

ಹೀಗೆ ಬೆಳೆದದ್ದಾದರೂ ಹೇಗೆ? ‘ಇಂದು, ನಾಳೆ, ನಾಳಿದ್ದು’ ಎಂಬುದು ಅವರ ಸೂತ್ರ. ಇಂದು ಗುಪ್ತವಾದ ಸಿದ್ಧತೆ. ನಾಳೆ ಬಹಿರಂಗ ಹೋರಾಟ. ನಾಳಿದ್ದು ಬಿಡುಗಡೆಯಾದ ನಾಡನ್ನು ಕಟ್ಟುವ ಕೆಲಸ. ನಮ್ಮಂತೆ ಪೋಲಿಷ್ ಭಾಷೆಯಲ್ಲೂ ನಾಳಿದ್ದಿಗೆ ಒಂದೇ ಪದ. ಜರ್ಮನರು ಪ್ರೌಢಶಾಲೆ, ವಿಶ್ವವಿದ್ಯಾನಿಲಯಗಳನ್ನು ಮುಚ್ಚಿಸಿದ್ದರು; ಹುಡುಗರು ಮನೆಗಳಲ್ಲಿ ಕದ್ದು ಪಾಠ ಓದಿದರು. ಶತ್ರುವನ್ನು ಹೊಡೆಯುವುದಷ್ಟೇ ಗುರಿಯಾಗಿದ್ದರೆ ವ್ಯಾಕರಣ, ಗಣಿತಗಳು ಯಾರಿಗೆ ಬೇಕಿತ್ತು? 12ರಿಂದ 14ರ ವಯಸ್ಸಿನವರನ್ನು ಕಾದಾಟಕ್ಕೆಂದು ಸೇರಿಸಿಕೊಳ್ಳಲಿಲ್ಲ. ಅವರು ನಾಳಿದ್ದಿಗೆ ಬೇಕಾದವರು.

1944ರ ಆಗಸ್ಟಿನಲ್ಲಿ ವಾರ್ಸಾ ದಂಗೆಯೆದ್ದಾಗ ಈ ಕಿರಿಯರು ಅಂಚೆಯವರಾದರು. ಕಾಗದ 25 ಪದ ಮೀರಕೂಡದು. ಕೂಲಿಯಿಲ್ಲ, ಅಂಚೆವೆಚ್ಚವೂ ಇಲ್ಲ. ಗುಂಡಿನ ನಡುವೆ ನುಸುಳಿ, ‘ಬದುಕಿದ್ದೇನೆ’ ಎಂಬ ಸುದ್ದಿಯನ್ನು ಮನೆಮನೆಗೆ ಮುಟ್ಟಿಸಿದರು. ಮುಟ್ಟಿಸುವ ಮೊದಲೇ ಬಿದ್ದವರೂ ಉಂಟು. ನನ್ನ ಮಗನಿಗೀಗ ಹದಿಮೂರು. ಅವನ ಹೆಗಲಿಗೆ ಅಂಥ ಚೀಲ ಹಾಕಿ ಕಳಿಸುವ ಎದೆ ನನಗಿಲ್ಲ. ಕಳಿಸಿದ ತಾಯಂದಿರನ್ನು ಹೊಗಳುವುದಕ್ಕೂ ನಾಲಗೆ ಏಳದು.

63 ದಿನಗಳ ಮೇಲೆ ದಂಗೆ ಅಡಗಿತು. ನಗರ ಬೂದಿಯಾಯಿತು. ಮಾರ್ಚಿನ್ಯಾಕ್ 1943ರಲ್ಲೇ ಸೆರೆಸಿಕ್ಕಿದ್ದ. ಮರುವರ್ಷ ಅವನನ್ನು ಕೊಂದರು. ಅವರು ಬಯಸಿದ ನಾಳಿದ್ದು ಬರಲೂ ಇಲ್ಲ. 1945ರ ತರುವಾಯ ಬಂದ ಸರ್ಕಾರ, ಉಳಿದವರಲ್ಲಿ ಹಲವರನ್ನು ಸಂಶಯದಿಂದ ನೋಡಿ ಸೆರೆಗೂ ತಳ್ಳಿತು.

ಆದರೂ ವಾರ್ಸಾ ಮತ್ತೆ ಎದ್ದು ನಿಂತಿತು. ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟ ಕೈಗಳಲ್ಲಿ, ಯುದ್ಧದ ನಡುವೆ ಕದ್ದು ಗಣಿತ ಕಲಿತ ಕೈಗಳೂ ಇದ್ದವು.