ಇಪ್ಪತ್ತೆರಡು ನಿಮಿಷ

ನಮ್ಮ ಮನೆ ಶ್ರೀರಂಗಪಟ್ಟಣದ ಗಂಜಾಮಿನಲ್ಲಿದೆ. ಹೊಳೆಯ ಕಡೆ ನಾಲ್ಕು ಹೆಜ್ಜೆ ನಡೆದರೆ ಆಚೆ ಕರಿಘಟ್ಟ ಕಾಣುತ್ತದೆ. ಮೇಲೆ ಶ್ರೀನಿವಾಸ ದೇವರ ಗುಡಿ, ಕೆಳಗೆ ಲೋಕಪಾವನಿ ಕಾವೇರಿಯನ್ನು ಸೇರುವ ಜಾಗ. ನಮ್ಮ ಅಜ್ಜ ಕೈಗೆ ಗಡಿಯಾರ ಕಟ್ಟಿದವರಲ್ಲ. ಬೆಟ್ಟದ ನೆತ್ತಿಗೆ ಬಿಸಿಲು ತಾಗಿದ್ದು ನೋಡಿ ಕೆಲಸಕ್ಕೆ ಹೊರಡುತ್ತಿದ್ದರು, ನೆರಳು ನೋಡಿ ನಮಾಝಿಗೆ ನಿಲ್ಲುತ್ತಿದ್ದರು. ನಾವಾದರೋ ಮನೆಗೆ ಕಂಪ್ಯೂಟರ್ ಬಂದಂದಿನಿಂದ ಅದರ ಪರದೆಯ ಬಲಮೂಲೆಯನ್ನೇ ನಂಬಿದೆವು. ಆ ನಂಬಿಕೆಗೆ ಬೆಲೆ ತೆತ್ತವರು ನಾವಲ್ಲ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇವೆ.

ಅದು 2011. ನಮ್ಮ ಬೀದಿಯಲ್ಲಿ ಇಂಟರ್‌ನೆಟ್ ಇದ್ದ ಮನೆಗಳು ಬೆರಳೆಣಿಕೆಯಷ್ಟು. ಪರೀಕ್ಷೆಯ ಫಲಿತಾಂಶ ನೋಡುವವರು, ಅರ್ಜಿ ತುಂಬುವವರು ನಮ್ಮಲ್ಲಿಗೇ ಬರುತ್ತಿದ್ದರು. ಪಕ್ಕದ ಗಲ್ಲಿಯ ಹುಡುಗನೊಬ್ಬ ಪಿಯುಸಿಯಲ್ಲಿ ಒಳ್ಳೆಯ ಅಂಕ ಗಳಿಸಿದ್ದ. ಅವನ ತಂದೆ ಗುಜರಿ ವ್ಯಾಪಾರಿ. ವಿದ್ಯಾರ್ಥಿವೇತನವೊಂದರ ಅರ್ಜಿಗೆ ಅಂದು ಸಂಜೆ 5 ಗಂಟೆಯೇ ಕೊನೆ. ಆದಾಯ ಪತ್ರ ಕೈಗೆ ಸಿಕ್ಕಿದ್ದು ಅಂದೇ ಮಧ್ಯಾಹ್ನವಾದ್ದರಿಂದ ಅವನು ಓಡೋಡಿ ಬಂದ. ಪರದೆಯಲ್ಲಿ 4.25 ಎಂದಿತ್ತು. "ಇನ್ನೂ ಅರ್ಧ ಗಂಟೆಗಿಂತ ಹೆಚ್ಚಿದೆ, ಗಾಬರಿಯಾಗಬೇಡ, ಚಹಾ ಕುಡಿ" ಎಂದೆವು. ಫೋಟೋ ಸ್ಕ್ಯಾನ್ ಮಾಡಿ, ಎಲ್ಲವನ್ನೂ ಎರಡು ಸಲ ಓದಿ, 4.45ಕ್ಕೆ ಗುಂಡಿ ಒತ್ತಿದೆವು. ಅವಧಿ ಮುಗಿದಿದೆ ಎಂಬ ಸಾಲು ಬಂತು. ಒಳಕೋಣೆಯಲ್ಲಿ ಚಾರ್ಜಿಗಿಟ್ಟಿದ್ದ ಮೊಬೈಲ್ ತೆಗೆದು ನೋಡಿದರೆ 5.07!

ಹುಡುಗ ಏನೂ ಹೇಳಲಿಲ್ಲ. "ನಸೀಬ್ ಇಲ್ಲ ಬಿಡಿ" ಎಂದು ಕಾಗದಗಳನ್ನು ಮಡಚಿಕೊಂಡು ಹೋದ. ನಸೀಬಲ್ಲ, ನಮ್ಮ ಗಡಿಯಾರ ಎಂದು ಹೇಳುವ ಧೈರ್ಯ ನಮಗೆ ಬರಲಿಲ್ಲ. ಆ ವರ್ಷ ಅವನು ಕಾಲೇಜಿಗೆ ಸೇರಲಿಲ್ಲ. ತಂದೆಯ ಜೊತೆ ಅಂಗಡಿಯಲ್ಲಿ ಕೂತ.

ಅಂದು ರಾತ್ರಿ ಯೋಚಿಸಿದಾಗ ಕಾರಣ ಹೊಳೆಯಿತು. ಮಧ್ಯಾಹ್ನ ಕರೆಂಟು ಹೋಗಿದ್ದದ್ದು ಹೆಚ್ಚುಕಡಿಮೆ ಅಷ್ಟೇ ಹೊತ್ತು. ಕಂಪ್ಯೂಟರ್ ಆಫ್ ಆಗಿದ್ದಾಗಲೂ ಒಳಗೊಂದು ಪುಟ್ಟ ಗಡಿಯಾರ ನಡೆಯುತ್ತಲೇ ಇರಬೇಕು. ಅದಕ್ಕೆ ಶಕ್ತಿ ಕೊಡುವುದು ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ. ಬ್ಯಾಟರಿ ಬಡವಾದರೆ ಕರೆಂಟು ಹೋದಾಗ ಗಡಿಯಾರ ನಿಂತುಬಿಡುತ್ತದೆ, ಬಂದಾಗ ಏನೂ ಆಗದಂತೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಪೂರ್ತಿ ನಿಂತ ಗಡಿಯಾರ ಯಾರಿಗೂ ಮೋಸ ಮಾಡದು. ತಡವಾಗಿ ನಡೆಯುವ ಗಡಿಯಾರವೇ ಅಪಾಯ.

ವಾರದೊಳಗೆ ಬ್ಯಾಟರಿ ಪೂರ್ತಿ ಸತ್ತಿತು. ಒಂದು ಬೆಳಗ್ಗೆ ಕಂಪ್ಯೂಟರ್ ತೆರೆದರೆ ಅದರ ಪಾಲಿಗೆ ಅಂದು 2002ರ ಜನವರಿ 1. ಬ್ಯಾಂಕಿನ ಪುಟ ತೆರೆಯಲು ಹೋದರೆ ಸುರಕ್ಷತೆಯ ಎಚ್ಚರಿಕೆ. ಇಂಥ ಪುಟಗಳ ಪ್ರಮಾಣಪತ್ರಕ್ಕೆ ಆರಂಭದ ಮತ್ತು ಮುಕ್ತಾಯದ ದಿನಾಂಕಗಳಿರುತ್ತವೆ. 2002ರಲ್ಲಿ ನಿಂತ ಯಂತ್ರಕ್ಕೆ ಅವು ಇನ್ನೂ ಹುಟ್ಟದ ಕಾಗದಗಳು. ಇಂಟರ್‌ನೆಟ್ ಸಮಯಕ್ಕೆ ಹೊಂದಿಸಲು ಹೇಳಿದರೆ ನಮ್ಮ ವಿಂಡೋಸ್ ಎಕ್ಸ್‌ಪಿ ಅದನ್ನೂ ಒಪ್ಪಲಿಲ್ಲ. ನಿಮ್ಮ ದಿನಾಂಕ ತೀರಾ ಬೇರೆ ಇದೆ, ಮೊದಲು ಅದನ್ನು ಸರಿಮಾಡಿ ಎಂದಿತು. ಅಂದರೆ ಸತ್ಯದ ಸನಿಹಕ್ಕಾದರೂ ನಾವೇ ನಡೆದು ಬರಬೇಕು. ಉಳಿದ ಚೂರುಪಾರು ಮಾತ್ರ ಅದು ತಿದ್ದುತ್ತದೆ.

ಹೀಗೆ ರಿಪೇರಿ ಕಲಿತೆವು. ವೈರ್ ಕಿತ್ತು, ಪೆಟ್ಟಿಗೆ ಬಿಚ್ಚಿ, 3 ವೋಲ್ಟಿನ ಸಿಆರ್2032 ಬ್ಯಾಟರಿ ಬದಲಾಯಿಸಿದೆವು. ಯಂತ್ರ ಶುರುವಾಗುವಾಗಲೇ ಬಯಾಸ್ ಪರದೆಗೆ ಹೋಗಿ ದಿನಾಂಕ, ಸಮಯ ಕೊಟ್ಟೆವು. ವಿಂಡೋಸಿನಲ್ಲಿ ಟೈಮ್ ಝೋನ್ ಚೆನ್ನೈ, ಕೋಲ್ಕತಾ, ಮುಂಬೈ, ನವದೆಹಲಿ ಎಂದಿರುವುದನ್ನು ಖಚಿತಪಡಿಸಿಕೊಂಡೆವು. ವಿಂಡೋಸ್ ಟೈಮ್ ಎಂಬ ಸೇವೆ ಚಾಲೂ ಇದೆಯೇ ನೋಡಿ, ಕೊನೆಗೆ ಇಂಟರ್‌ನೆಟ್ ಸಮಯಕ್ಕೆ ಹೊಂದಿಸಿದೆವು. ಎಕ್ಸ್‌ಪಿ ತಾನಾಗಿ ಸಮಯ ಕೇಳುತ್ತಿದ್ದದ್ದು ವಾರಕ್ಕೊಮ್ಮೆ ಮಾತ್ರ. ಹಾಗಾಗಿ ಕರೆಂಟು ಹೋಗಿ ಬಂದಾಗಲೆಲ್ಲ ನಾವೇ ಒಮ್ಮೆ ಕೇಳಿಸುವ ಅಭ್ಯಾಸ ಮಾಡಿಕೊಂಡೆವು.

ಮುಂದೆ ಮಗ ಅದೇ ಯಂತ್ರಕ್ಕೆ ಲಿನಕ್ಸನ್ನೂ ಹಾಕಿದಾಗ ಹೊಸ ಜಗಳ ಎದ್ದಿತು. ಒಂದರಿಂದ ಇನ್ನೊಂದಕ್ಕೆ ಹೋಗಿ ಬಂದರೆ ಗಡಿಯಾರ ಐದೂವರೆ ಗಂಟೆ ತಪ್ಪುತ್ತಿತ್ತು. ಒಳಗಿನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯವೆಂದು ಓದುತ್ತದೆ, ಲಿನಕ್ಸ್ ವಿಶ್ವಸಮಯವೆಂದು ಓದುತ್ತದೆ. ಎರಡೂ ತಮ್ಮಷ್ಟಕ್ಕೆ ಸರಿಯೇ. ಆದರೆ ಮನೆ ಒಂದೇ. ಅದೂ ಸ್ಥಳೀಯ ಸಮಯವೇ ಎಂದು ಲಿನಕ್ಸಿಗೆ ಹೇಳಿದ ಮೇಲೆ ಜಗಳ ನಿಂತಿತು.

ಕಾಲವನ್ನು ಹೊಂದಿಸುವ ಕಷ್ಟ ನಮ್ಮೂರಿಗೆ ಹೊಸತೇನಲ್ಲ. ಚಾಂದ್ರಮಾನ ವರ್ಷ ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಬೆಳೆ ಸೂರ್ಯನ ಮಾತು ಕೇಳುತ್ತದೆ, ಹಿಜರಿ ತಿಂಗಳು ಚಂದ್ರನ ಮಾತು ಕೇಳುತ್ತದೆ. ಇಲ್ಲಿಂದಲೇ ಆಳಿದ ಟಿಪ್ಪು ಸುಲ್ತಾನರು ಮೌಲೂದಿ ಎಂಬ ಹೊಸ ಕಾಲಗಣನೆ ತಂದರು. ಅದರ ತಿಂಗಳುಗಳು ಚಂದ್ರನವು, ಆದರೆ ಈ ನೆಲದ ಪಂಚಾಂಗದಂತೆ ಅಧಿಕ ಮಾಸ ಸೇರಿಸಿ ಋತುಗಳ ಜೊತೆ ಹೊಂದಿಸಿದ್ದರು. ಅರವತ್ತು ಸಂವತ್ಸರಗಳ ಚಕ್ರವೂ ಅದರಲ್ಲಿತ್ತು.

ಇನ್ನೊಂದು ಸಂಗತಿ ತಿಳಿದಾಗ ನಮಗೆ ನಗು ಬಂತು. ನಮ್ಮ ಗಡಿಯಾರಗಳು ತೋರಿಸುವುದು ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶದ ಸಮಯ. 1906ರ ಜನವರಿ 1ರಿಂದ ಇದು ಬಳಕೆಯಲ್ಲಿದೆ. ಶ್ರೀರಂಗಪಟ್ಟಣವಿರುವುದು 76.7 ಡಿಗ್ರಿಯ ಆಸುಪಾಸಿನಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ನಮ್ಮ ಸೂರ್ಯ ದೇಶದ ಗಡಿಯಾರಕ್ಕಿಂತ ಸುಮಾರು 23 ನಿಮಿಷ ಹಿಂದೆ. ಅಜ್ಜ ಇದ್ದಿದ್ದರೆ ಅಂದು ಕಂಪ್ಯೂಟರಿನ ಪರ ವಹಿಸುತ್ತಿದ್ದರೇನೋ! ಆದರೆ ಅರ್ಜಿಯ ಬಾಗಿಲು ಮುಚ್ಚುವುದು ಸೂರ್ಯನನ್ನು ನೋಡಿ ಅಲ್ಲ. ಗಡಿಯಾರದ ಸಮಯ ಎಂಬುದು ಜನ ಪರಸ್ಪರ ಮಾಡಿಕೊಂಡ ಒಪ್ಪಂದ. ಒಪ್ಪಂದವನ್ನು ಒಬ್ಬಂಟಿಯಾಗಿ ಪಾಲಿಸಲು ಸಾಧ್ಯವಿಲ್ಲ.

ಕಂಪ್ಯೂಟರಿನ ಒಳಗಡಿಯಾರದ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅಷ್ಟು ನಿಖರವಾದದ್ದೂ ದಿನಕ್ಕೆ ಒಂದೆರಡು ಸೆಕೆಂಡು ತಪ್ಪುತ್ತದೆ. ತಿಂಗಳಲ್ಲಿ ಅದೇ ಒಂದು ನಿಮಿಷದ ಹತ್ತಿರಕ್ಕೆ ಬರುತ್ತದೆ. ಅದಕ್ಕೇ ಅದು ಕೇಳಬೇಕು. ನಮ್ಮ ದೇಶದ ಸಮಯವನ್ನು ಕಾಯುವುದು ನವದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಪರಮಾಣು ಗಡಿಯಾರಗಳು. ಕೇಳುವ ಕ್ರಮವನ್ನು 1980ರ ದಶಕದಲ್ಲಿ ರೂಪಿಸಿದವರು ಅಮೆರಿಕದ ಡೇವಿಡ್ ಮಿಲ್ಸ್. ಪ್ರಶ್ನೆ ಹೋಗಿ ಉತ್ತರ ಬರಲು ಹಿಡಿದ ಹೊತ್ತನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕಂಪ್ಯೂಟರ್ ತನ್ನನ್ನು ತಿದ್ದಿಕೊಳ್ಳುತ್ತದೆ. ಹಿಂದೆ ದೊಡ್ಡ ಮಸೀದಿಗಳಲ್ಲಿ ಸಮಯ ಲೆಕ್ಕಹಾಕಲೆಂದೇ ಮುವಕ್ಕಿತ್ ಎಂಬವರಿರುತ್ತಿದ್ದರು. ದಮಾಸ್ಕಸಿನ ಉಮಯ್ಯದ್ ಮಸೀದಿಯಲ್ಲಿ ಆ ಹುದ್ದೆಯಲ್ಲಿದ್ದ ಖಗೋಳಜ್ಞ ಇಬ್ನುಶ್ಶಾತಿರ್ 1371ರಲ್ಲಿ ಅಲ್ಲಿಗೊಂದು ಸೂರ್ಯಗಡಿಯಾರ ಮಾಡಿಕೊಟ್ಟರು. ಊರಿಗೆ ಸಮಯ ಹೇಳುವವನ ಕೈಯಲ್ಲಿ ಊರಿನ ಅಮಾನತ್ ಇರುತ್ತದೆ. ನಮ್ಮ ಬೀದಿಗೆ ನಾವೂ ಅರಿವಿಲ್ಲದೆ ಆ ಕೆಲಸ ವಹಿಸಿಕೊಂಡಿದ್ದೆವು.

ಆ ಹುಡುಗ ಮರುವರ್ಷ ಕಾಲೇಜಿಗೆ ಸೇರಿದ. ಓದು ಮುಗಿಸಿ ಈಗ ಮೈಸೂರಿನಲ್ಲಿ ಕೆಲಸದಲ್ಲಿದ್ದಾನೆ. ಕಳೆದ ಈದ್‌ಗೆ ಮನೆಗೆ ಬಂದಾಗ ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಹೇಳಿಬಿಟ್ಟೆವು. ಅಂದು ತಪ್ಪಿದ್ದು ನಮ್ಮ ಗಡಿಯಾರ, ನಿನ್ನ ನಸೀಬಲ್ಲ, ಮಾಫ್ ಮಾಡು ಎಂದೆವು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಂದು ನನ್ನ ಕೈಯಲ್ಲೂ ಗಡಿಯಾರವಿತ್ತು. ಅದರಲ್ಲಿ ಐದಕ್ಕೆ ಹತ್ತೇ ನಿಮಿಷ ಇತ್ತು. ಸಂತೆಯ ಗಡಿಯಾರ, ಅದೇ ಓಡುತ್ತಿರಬೇಕು, ಕಂಪ್ಯೂಟರ್ ಸುಳ್ಳು ಹೇಳುತ್ತದೆಯೇ ಅಂದುಕೊಂಡೆ. ದೊಡ್ಡವರು ಚಹಾ ಕುಡಿ ಅಂದಾಗ ಹೇಗೆ ಹೇಳಲಿ?" ಎಂದ.

ಒಂದೇ ಕೋಣೆಯಲ್ಲಿ ಸರಿಯಾದ ಗಡಿಯಾರವೊಂದಿತ್ತು. ನಿನ್ನದರಲ್ಲಿ ಗಂಟೆ ಎಷ್ಟು ಎಂದು ನಾವು ಕೇಳಲಿಲ್ಲ.