ಉಮ್ರಾ ಯಾತ್ರೆಗೆ ಸೂಕ್ತ ಋತು ಯಾವುದು?

ಮಕ್ಕಾ ಮದೀನಾಗಳಿಂದ ಮರಳಿದವರನ್ನು ಕಾಣಲು ನೆಂಟರು, ನೆರೆಹೊರೆಯವರು ಬರುತ್ತಾರೆ. ಝಂಝಂ ನೀರು ಕುಡಿದು, ಖರ್ಜೂರ ಬಾಯಿಗಿಟ್ಟುಕೊಂಡ ಬಳಿಕ ಅವರಲ್ಲಿ ಒಬ್ಬರಾದರೂ ಕೇಳುವ ಪ್ರಶ್ನೆಯೊಂದಿದೆ: ಯಾವ ತಿಂಗಳಲ್ಲಿ ಹೋದರೆ ಒಳ್ಳೆಯದು? ಬಿಸಿಲು ಯಾವಾಗ ಕಡಿಮೆ, ಜನಸಂದಣಿ ಯಾವಾಗ ಕಡಿಮೆ, ಖರ್ಚು ಯಾವಾಗ ಕಡಿಮೆ? ಕಲಬುರಗಿಯ ನಮ್ಮ ಮನೆಗೆ ಬಂದವರೂ ಇದನ್ನೇ ಕೇಳಿದರು. ಈ ಪ್ರಶ್ನೆಗೆ ನಾವು ಸಹೋದರರಿಬ್ಬರು ಉತ್ತರ ಕಂಡುಕೊಂಡ ಬಗೆಯನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ. ಆ ಉತ್ತರಕ್ಕೆ ನಾವು ತೆತ್ತ ಬೆಲೆ ಸಣ್ಣದಲ್ಲ.

ನಮ್ಮ ತಂದೆಯವರು ಕಮಲಾಪುರದ ರೈತರು. ತೊಗರಿಯೇ ಮುಖ್ಯ ಬೆಳೆ. ಜೊತೆಗೆ ಬಾವಿಯ ಪಕ್ಕ ಕಮಲಾಪುರಕ್ಕೆ ಹೆಸರು ತಂದ ಕೆಂಪು ಬಾಳೆಯ ಸಣ್ಣ ತೋಟ. 2014ರಲ್ಲಿ ಅಬ್ಬಾ ಮತ್ತು ಅಮ್ಮೀ ಇಬ್ಬರೂ ಪಾಸ್‌ಪೋರ್ಟ್ ಮಾಡಿಸಿಕೊಂಡರು. ಅಲ್ಲಾಹನ ಮನೆಯನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬುದು ಅವರ ಬಯಕೆಯಾಗಿತ್ತು. ಹಣವನ್ನೂ ಸ್ವಲ್ಪ ಸ್ವಲ್ಪವಾಗಿ ಕೂಡಿಟ್ಟಿದ್ದರು. ಆದರೆ ಪ್ರತಿವರ್ಷವೂ ಋತುವೊಂದು ಅವರ ದಾರಿಗೆ ಅಡ್ಡ ನಿಲ್ಲುತ್ತಿತ್ತು.

ಮಕ್ಕಾದ ಹವೆಯು ಹಿತವಾಗಿರುವುದು ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ. ಜನವರಿಯಲ್ಲಿ ಅಲ್ಲಿ ಹಗಲಿನ ಉಷ್ಣಾಂಶ ಸುಮಾರು 30 ಡಿಗ್ರಿ. ಹೆಚ್ಚುಕಡಿಮೆ ನಮ್ಮ ಕಲಬುರಗಿಯ ಜನವರಿಯಂತೆಯೇ. ಆದರೆ ನಮ್ಮ ಭಾಗದಲ್ಲಿ ತೊಗರಿಯ ರಾಶಿ ನಡೆಯುವುದೂ ಡಿಸೆಂಬರ್ ಜನವರಿಗಳಲ್ಲೇ. "ರಾಶಿ ಮುಗೀಲಿ" ಎನ್ನುತ್ತಿದ್ದರು ಅಬ್ಬಾ. ರಾಶಿ ಮುಗಿದರೆ ತೊಗರಿಯ ದರ ಏರಲೆಂದು ಕಾಯಬೇಕು. ಅಷ್ಟರಲ್ಲಿ ಬಿಸಿಲು ಹತ್ತುತ್ತಿತ್ತು. ಬೇಸಿಗೆಯಲ್ಲಿ ಬಾಳೆಗೆ ನೀರು ಹಾಯಿಸುವವರು ಯಾರು? ಕೆಂಪು ಬಾಳೆ ಗೊನೆ ಕೊಡಲು ಸುಮಾರು ಒಂದೂವರೆ ವರ್ಷ ಬೇಕು, ಒಂದು ತಿಂಗಳು ಕಣ್ಣು ತಪ್ಪಿದರೆ ಅಷ್ಟೂ ಶ್ರಮ ವ್ಯರ್ಥ. ಮೃಗಶಿರಾ ಮಳೆ ಬಿದ್ದರೆ ಬಿತ್ತನೆ, ಬಿತ್ತನೆಯ ನಂತರ ಕಳೆ, ಹೂ ಬಿಟ್ಟ ಮೇಲೆ ಕಾಯಿಕೊರಕದ ಚಿಂತೆ. ಹೀಗೆ ಹನ್ನೆರಡು ತಿಂಗಳೂ ತುಂಬಿಹೋಗುತ್ತಿದ್ದವು. ನಡುವೆ ತಂಗಿಯ ಮದುವೆ, ಆಮೇಲೆ ಕೊರೊನಾ. 2022ರ ಮಾರ್ಚ್‌ನಲ್ಲಿ, ಆ ವರ್ಷದ ರಾಶಿ ಮುಗಿದ ಬಳಿಕ, ಅಬ್ಬಾ ಇಹಲೋಕ ತ್ಯಜಿಸಿದರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಟ್ರಂಕಿನಲ್ಲಿದ್ದ ಅವರ ಪಾಸ್‌ಪೋರ್ಟಿನ ಪುಟಗಳಲ್ಲಿ ಒಂದು ಮುದ್ರೆಯೂ ಇರಲಿಲ್ಲ.

ಕಾಲವನ್ನು ನೋಡಿ ಪ್ರಯಾಣ ಹೊರಡುವುದು ತಪ್ಪೇ? ಖಂಡಿತ ಇಲ್ಲ. ಪವಿತ್ರ ಕುರ್‌ಆನಿನ ಸೂರಃ ಕುರೈಶ್ ಚಳಿಗಾಲದ ಮತ್ತು ಬೇಸಿಗೆಯ ಪ್ರಯಾಣಗಳನ್ನು ಪ್ರಸ್ತಾಪಿಸಿ, ಅವುಗಳನ್ನು ಸುಗಮಗೊಳಿಸಿದ ಪ್ರಭುವನ್ನು ಆರಾಧಿಸುವಂತೆ ಕರೆ ನೀಡುತ್ತದೆ. ಮಕ್ಕಾದ ವರ್ತಕರು ಚಳಿಗಾಲದಲ್ಲಿ ಯಮನ್ ಕಡೆಗೂ ಬೇಸಿಗೆಯಲ್ಲಿ ಶಾಮ್ ಕಡೆಗೂ ಹೋಗುತ್ತಿದ್ದರೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಬಿಸಿಲು ತೀವ್ರವಾಗಿರುವಾಗ ಝುಹರ್ ನಮಾಝನ್ನು ಸ್ವಲ್ಪ ತಂಪಾಗುವವರೆಗೆ ತಡಮಾಡಲು ಪ್ರವಾದಿವರ್ಯರು (ಸ) ಹೇಳಿದ್ದಾರೆ. ಎರಡು ಅನುಮತಿಸಲ್ಪಟ್ಟ ದಾರಿಗಳಿದ್ದಾಗ ಅವರು (ಸ) ಸುಲಭವಾದುದನ್ನು ಆರಿಸಿಕೊಳ್ಳುತ್ತಿದ್ದರು. ಅವರ ಹಜ್ಜ್ ಯಾತ್ರೆಯಲ್ಲಿ ಸಹಾಬಿಯೊಬ್ಬರು ಬಟ್ಟೆಯನ್ನು ಎತ್ತಿ ಹಿಡಿದು ಅವರಿಗೆ ನೆರಳು ಮಾಡಿದ್ದರೆಂದು ಹದೀಸ್‌ನಲ್ಲಿದೆ. ಇಹ್ರಾಮ್‌ನಲ್ಲಿರುವ ಪುರುಷನು ತಲೆಯ ಮೇಲೆ ಟೋಪಿ ಧರಿಸುವಂತಿಲ್ಲ, ಆದರೆ ಕೊಡೆ ಹಿಡಿಯಬಹುದು. ದೇಹವನ್ನು ವೃಥಾ ದಂಡಿಸುವುದು ಆರಾಧನೆಯೆಂದು ಇಸ್ಲಾಮ್ ಕಲಿಸಿಲ್ಲ.

ಆದರೆ ಹಜ್ಜ್‌ನ ವಿಷಯದಲ್ಲಿ ಋತುವಿನ ಆಯ್ಕೆಯನ್ನು ಅಲ್ಲಾಹನು ನಮ್ಮ ಕೈಗೆ ಕೊಟ್ಟಿಲ್ಲ. ಇದನ್ನು ತಿಳಿಯಲು ನಮ್ಮ ಊರಿನ ಎರಡು ದೊಡ್ಡ ಕೂಟಗಳನ್ನೇ ನೋಡಬಹುದು. ಶರಣಬಸವೇಶ್ವರರ ಜಾತ್ರೆ ಹೋಳಿ ಹುಣ್ಣಿಮೆಯ ನಂತರ, ಪ್ರತಿವರ್ಷ ಬೇಸಿಗೆಯ ಆರಂಭದಲ್ಲೇ ಬರುತ್ತದೆ. ಸುಮಾರು ಮೂರು ವರ್ಷಕ್ಕೊಮ್ಮೆ ಸೇರಿಸುವ ಅಧಿಕ ಮಾಸ ಅದನ್ನು ಋತುವಿನಿಂದ ಕದಲಲು ಬಿಡುವುದಿಲ್ಲ. ಖ್ವಾಜಾ ಬಂದೇನವಾಝರ ಉರೂಸ್ ನಡೆಯುವುದು ಝುಲ್‌ಕಅದ್ ತಿಂಗಳಲ್ಲಿ. 2008ರಲ್ಲಿ ಅದು ನವೆಂಬರಿನ ಚಳಿಯಲ್ಲಿ ಬಂದಿತ್ತು, 2024ರಲ್ಲಿ ಮೇ ತಿಂಗಳ ಸುಡುಬಿಸಿಲಿನಲ್ಲಿ ಬಂತು. ಹಿಜರಿ ವರ್ಷಕ್ಕೆ 354 ಅಥವಾ 355 ದಿನಗಳು. ಆದುದರಿಂದ ಅದು ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ, ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ.

ಅಜ್ಞಾನಕಾಲದ ಅರಬರು ತಿಂಗಳುಗಳನ್ನು ತಮ್ಮ ಅನುಕೂಲಕ್ಕೆ ತಕ್ಕಂತೆ ಹಿಂದೆ ಮುಂದೆ ಮಾಡುತ್ತಿದ್ದರು. 'ನಸೀಅ್' ಎಂಬ ಆ ಪದ್ಧತಿಯನ್ನು ಸೂರಃ ತೌಬಾ ಕಟುವಾಗಿ ಖಂಡಿಸಿತು. ಹಜ್ಜ್ ಒಂದೇ ಋತುವಿಗೆ ಕಟ್ಟಿಬಿದ್ದಿದ್ದರೆ ಒಂದು ನಾಡಿನ ರೈತನಿಗೆ ಅದು ಸದಾ ರಾಶಿಯ ಕಾಲದಲ್ಲೇ ಬರುತ್ತಿತ್ತು, ಇನ್ನೊಂದು ನಾಡಿನವನಿಗೆ ಸದಾ ಬಿಡುವಿನ ಕಾಲದಲ್ಲೇ ಬರುತ್ತಿತ್ತು. ಚಂದ್ರಮಾನದ ಈ ತಿರುಗಾಟದಲ್ಲಿ ಸುಲಭವೂ ಕಷ್ಟವೂ ಎಲ್ಲರಿಗೂ ಸರದಿಯಂತೆ ಹಂಚಿಕೆಯಾಗುತ್ತವೆ.

2024ರ ಹಜ್ಜ್ ಜೂನ್ 14ರಿಂದ 19ರವರೆಗೆ, ಕಡು ಬೇಸಿಗೆಯಲ್ಲಿ ನಡೆಯಿತು. ಅದಕ್ಕೆ ಎರಡು ತಿಂಗಳು ಮೊದಲು, ಈದುಲ್ ಫಿತ್ರ್ ಮುಗಿದ ಕೆಲವೇ ದಿನಗಳಲ್ಲಿ, ನಗರದ ಏಜೆಂಟರೊಬ್ಬರು ನಮ್ಮಲ್ಲಿಗೆ ಬಂದರು. ಹಜ್ಜ್ ವೀಸಾ ಬೇಕಿಲ್ಲ, ಸಂದರ್ಶನ ವೀಸಾದಲ್ಲಿ ಮೊದಲೇ ಹೋಗಿ ಅಲ್ಲೇ ಉಳಿದು ಹಜ್ಜ್ ಮಾಡಿ ಬರಬಹುದು, ಖರ್ಚು ಅರ್ಧಕ್ಕಿಂತ ಕಡಿಮೆ ಎಂದರು. ಅಬ್ಬಾ ಹೋಗದೆ ತೀರಿಕೊಂಡ ನೋವು ನಮ್ಮೊಳಗೆ ಇನ್ನೂ ಹಸಿಯಾಗಿತ್ತು. ಅಮ್ಮೀಯವರನ್ನಾದರೂ ತಡಮಾಡದೆ ಕಳುಹಿಸಬೇಕೆಂಬ ಆತುರದಲ್ಲಿ ನಾವು ಬಹುತೇಕ ಒಪ್ಪಿಬಿಟ್ಟಿದ್ದೆವು. ಅಮ್ಮೀಗೆ ಆಗ ಅರವತ್ತೇಳು ವರ್ಷ, ರಕ್ತದೊತ್ತಡವಿತ್ತು, ಮೊಣಕಾಲು ನೋವಿತ್ತು. ವಿಷಯ ತಿಳಿಸಲು ಕಮಲಾಪುರಕ್ಕೆ ಹೋದಾಗ ಅವರು ಎಲ್ಲವನ್ನೂ ಕೇಳಿ ಒಂದೇ ಮಾತು ಹೇಳಿದರು: "ಅಲ್ಲಾಹನ ಮನೀಗಿ ಕಳ್ಳರಂಗ ಹೋಗೂದು ಬ್ಯಾಡ. ಕರದಾಗ ಹೋಗಮು."

ಆ ಜೂನ್ 17ರಂದು ಮಸ್ಜಿದುಲ್ ಹರಾಮ್‌ನಲ್ಲಿ 51.8 ಡಿಗ್ರಿ ಉಷ್ಣಾಂಶ ದಾಖಲಾಯಿತು. ಆ ಹಜ್ಜ್‌ನಲ್ಲಿ 1,301 ಮಂದಿ ಮೃತಪಟ್ಟರೆಂದೂ, ಅವರಲ್ಲಿ ಶೇಕಡಾ 83ರಷ್ಟು ಮಂದಿ ಅನುಮತಿ ಪತ್ರವಿಲ್ಲದೆ ಬಂದವರೆಂದೂ ಸೌದಿ ಸರಕಾರ ಪ್ರಕಟಿಸಿತು. ಅನುಮತಿಯಿಲ್ಲದವರಿಗೆ ತಂಪು ಡೇರೆಯಿಲ್ಲ, ಬಸ್ಸಿಲ್ಲ. ಅವರು ಬಿಸಿಲಿನಲ್ಲಿ ಬಹುದೂರ ನಡೆಯಬೇಕಾಗಿತ್ತು. ಅಲ್ಲಾಹನು ಅವರೆಲ್ಲರನ್ನೂ ಕರುಣಿಸಲಿ. ಆ ಸುದ್ದಿಯನ್ನು ಓದಿದ ರಾತ್ರಿ ನಮ್ಮಿಬ್ಬರಿಗೂ ನಿದ್ರೆ ಬರಲಿಲ್ಲ. ಕಾಯುವುದರಲ್ಲಿ ತಂದೆಯ ಯಾತ್ರೆಯನ್ನು ಕಳೆದುಕೊಂಡ ನಾವು, ಅವಸರದಲ್ಲಿ ತಾಯಿಯನ್ನೇ ಕಳೆದುಕೊಳ್ಳುತ್ತಿದ್ದೆವು.

ಆಮೇಲೆ ಸಾವಧಾನವಾಗಿ ಕುಳಿತು ಲೆಕ್ಕ ಹಾಕಿದೆವು. ಮೊದಲು ಉಮ್ರಾ, ಬಳಿಕ ಇನ್‌ಶಾ ಅಲ್ಲಾಹ್ ಹಜ್ಜ್ ಸಮಿತಿಯ ಮೂಲಕ ಹಜ್ಜ್ ಎಂದು ತೀರ್ಮಾನಿಸಿದೆವು. ಉಮ್ರಾಕ್ಕೆ ನಿಗದಿತ ತಿಂಗಳಿಲ್ಲ. ರಮಝಾನ್‌ನ ಉಮ್ರಾಕ್ಕೆ ಮಹತ್ತಾದ ಪ್ರತಿಫಲವಿದೆ, ಆದರೆ ಆಗಿನ ಜನಸಂದಣಿ ಅಮ್ಮೀಯ ಮೊಣಕಾಲಿಗೆ ಮೀರಿದ್ದು. ಮಕ್ಕಳ ಶಾಲೆಗೆ ರಜೆಯಿರುವ ಏಪ್ರಿಲ್ ಮೇ ತಿಂಗಳುಗಳಲ್ಲಿ ಬಿಸಿಲು, ಹಜ್ಜ್ ಹತ್ತಿರವಾದಂತೆ ಉಮ್ರಾ ವೀಸಾವೂ ನಿಲ್ಲುತ್ತದೆ. ಜೂನ್‌ನಲ್ಲಿ ಮಳೆ ಬಂದು ನಮ್ಮ ಕಲಬುರಗಿ ತಣಿಯುತ್ತದೆ, ಮಕ್ಕಾಕ್ಕೆ ಆ ಬಿಡುಗಡೆಯಿಲ್ಲ. ಅಲ್ಲಿ ಸೆಪ್ಟೆಂಬರ್‌ವರೆಗೂ ಹಗಲು ನಲವತ್ತು ಡಿಗ್ರಿ ದಾಟುತ್ತದೆ, ರಾತ್ರಿಯೂ ಬೆಂದಿರುತ್ತದೆ. ಡಿಸೆಂಬರ್ ಕೊನೆಯ ರಜೆಯಲ್ಲಿ ಹವೆ ಹಿತವಾದರೂ ಬಾಡಿಗೆ, ವಿಮಾನದ ದರ ಎಲ್ಲವೂ ಹೆಚ್ಚು. 2025ರಲ್ಲಿ ರಮಝಾನ್ ಮಾರ್ಚ್ ಆರಂಭದಲ್ಲಿ ಬರುವುದಿತ್ತು. ಜನವರಿಯಲ್ಲಿ ರಾಶಿ ಮುಗಿಯುತ್ತದೆ. ಇವೆರಡರ ನಡುವೆ ಫೆಬ್ರವರಿಯ ಒಂದು ಕಿಂಡಿ ಕಾಣಿಸಿತು. ತೊಗರಿಯ ದರಕ್ಕಾಗಿ ಈ ಬಾರಿ ಕಾಯಲಿಲ್ಲ. ರಾಶಿಯಾದ ವಾರದಲ್ಲೇ ಮಾರಿ ಟಿಕೆಟಿನ ಹಣ ಕಟ್ಟಿದೆವು.

ಕಲಬುರಗಿಯಿಂದ ಹೈದರಾಬಾದಿಗೆ ಹೋಗುವ ದಾರಿ ಕಮಲಾಪುರ, ಹುಮನಾಬಾದ್ ಮೂಲಕವೇ ಸಾಗುತ್ತದೆ. ಅಮ್ಮೀಯವರನ್ನು ಕಮಲಾಪುರದಲ್ಲಿ ಹತ್ತಿಸಿಕೊಂಡು, ಖಬರಸ್ತಾನದಲ್ಲಿ ಅಬ್ಬಾರಿಗೆ ಸಲಾಮ್ ಹೇಳಿ ಹೊರಟೆವು. ಅಲ್ಲಿ ಅಮ್ಮೀ ಬಹಳ ಹೊತ್ತು ಏನನ್ನೂ ಮಾತಾಡಲಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದ್ದರೂ ನಮ್ಮಿಂದ ಎರಡು ತಪ್ಪುಗಳಾದವು. ಓದುಗರಿಗೆ ಉಪಯೋಗವಾದೀತೆಂದು ಹೇಳುತ್ತೇವೆ. ಮರುಭೂಮಿಯೆಂದರೆ ಬಿಸಿಲೆಂದೇ ತಿಳಿದು ಬೆಚ್ಚನೆಯ ಬಟ್ಟೆ ಒಯ್ದಿರಲಿಲ್ಲ. ಮದೀನಾ ಸುಮಾರು 600 ಮೀಟರ್ ಎತ್ತರದಲ್ಲಿದೆ. ಫೆಬ್ರವರಿಯ ಫಜ್ರ್ ವೇಳೆಯಲ್ಲಿ ಅಮ್ಮೀ ನಡುಗತೊಡಗಿದಾಗ ಓಡಿಹೋಗಿ ಶಾಲು ಕೊಂಡು ತಂದೆವು. ಎರಡನೆಯ ತಪ್ಪು ಮಕ್ಕಾದಲ್ಲಾಯಿತು. ತಂಪು ಕಾಲವೆಂಬ ಧೈರ್ಯದಿಂದ ಝುಹರ್ ಮುಗಿದ ಕೂಡಲೇ ತವಾಫ್ ಆರಂಭಿಸಿದೆವು. ಮತಾಫ್‌ನ ಬಿಳಿ ಅಮೃತಶಿಲೆ ಕಾಲಿಗೆ ತಂಪಾಗಿಯೇ ಇತ್ತು, ಆದರೆ ಮೇಲಿನ ಬಿಸಿಲಿಗೂ ಕೆಳಗಿನ ಪ್ರತಿಫಲನಕ್ಕೂ ಅಮ್ಮೀ ಐದನೆಯ ಸುತ್ತಿನಲ್ಲಿ ಕುಸಿದರು. ನೆರಳಿಗೆ ಕರೆತಂದು ಝಂಝಂ ಕುಡಿಸಿದೆವು. ಚೇತರಿಸಿಕೊಂಡ ಮೇಲೆ ಉಳಿದ ಸುತ್ತುಗಳನ್ನೂ, ಮೂರು ಕಿಲೋಮೀಟರಿಗೂ ಮೀರುವ ಸಯೀಯನ್ನೂ ಗಾಲಿಕುರ್ಚಿಯಲ್ಲಿ ಪೂರೈಸಿದರು. ಅಂದಿನಿಂದ ಇಶಾದ ನಂತರ ಅಥವಾ ತಹಜ್ಜುದ್ ವೇಳೆಯಲ್ಲಿ ಮಾತ್ರ ತವಾಫ್ ಮಾಡಿಸಿದೆವು. ತಿಂಗಳನ್ನು ಆರಿಸುವಷ್ಟೇ ಎಚ್ಚರದಿಂದ ದಿನದ ಗಳಿಗೆಯನ್ನೂ ಆರಿಸಬೇಕೆಂದು ಆಗ ತಿಳಿಯಿತು.

ಸಫಾ ಮರ್ವಾಗಳ ನಡುವೆ ಗಾಲಿಕುರ್ಚಿ ತಳ್ಳುತ್ತಿದ್ದಾಗ ಹಝ್ರತ್ ಹಾಜರ್‌ರ ನೆನಪು ಬಾರದಿರಲಿಲ್ಲ. ಬೆಳೆಯಿಲ್ಲದ ಕಣಿವೆ, ಬಾಯಾರಿದ ಹಸುಗೂಸು. ಅವರಿಗೆ ಋತುವಿನ ಆಯ್ಕೆ ಇರಲಿಲ್ಲ. ಅಲ್ಲಾಹನ ಆಜ್ಞೆಯೆಂದು ತಿಳಿದು ನಿಂತರು, ಆದರೆ ಸುಮ್ಮನೆ ಕುಳಿತಿರಲಿಲ್ಲ. ನೀರಿಗಾಗಿ ಏಳು ಬಾರಿ ಓಡಿದರು. ಭರವಸೆಯೂ ಪ್ರಯತ್ನವೂ ಅಲ್ಲಿ ಒಟ್ಟಿಗೇ ಇವೆ.

ಪ್ರಯಾಣಕ್ಕೆ ತಡಮಾಡಿದ ಸಹಾಬಿಯೊಬ್ಬರ ವೃತ್ತಾಂತವನ್ನೂ ಅಲ್ಲಿ ಮತ್ತೆ ಮತ್ತೆ ನೆನೆದೆವು. ಹಿಜರಿ 9ರಲ್ಲಿ ತಬೂಕ್ ಯಾತ್ರೆ ಹೊರಟಾಗ ಕಡು ಬಿಸಿಲಿತ್ತು, ಮದೀನಾದ ತೋಟಗಳಲ್ಲಿ ಹಣ್ಣು ಮಾಗಿತ್ತು, ನೆರಳು ಹಿತವಾಗಿತ್ತು. ಬಿಸಿಲನ್ನೇ ನೆಪ ಮಾಡಿದ ಕಪಟಿಗಳಿಗೆ ನರಕದ ಬಿಸಿ ಇದಕ್ಕಿಂತ ತೀವ್ರವಾದುದೆಂದು ಕುರ್‌ಆನ್ ಎಚ್ಚರಿಸಿತು. ಕಅಬ್ ಬಿನ್ ಮಾಲಿಕ್ (ರ) ಕಪಟಿಯಾಗಿರಲಿಲ್ಲ. ಅವರಲ್ಲಿ ವಾಹನವಿತ್ತು, ಹಣವಿತ್ತು, ವಿಶ್ವಾಸವೂ ಇತ್ತು. ನಾಳೆ ಸಿದ್ಧನಾದರಾಯಿತು ಎಂದುಕೊಳ್ಳುತ್ತಲೇ ದಿನಗಳು ಕಳೆದವು, ಸೈನ್ಯ ಬಹುದೂರ ಹೋಗಿಬಿಟ್ಟಿತು. ಅವರು ಸತ್ಯವನ್ನೇ ನುಡಿದು ಐವತ್ತು ದಿನ ಪಶ್ಚಾತ್ತಾಪದಲ್ಲಿ ಬೆಂದರು. ಅಲ್ಲಾಹನು ಅವರನ್ನು ಕ್ಷಮಿಸಿದನು.

ನಮ್ಮ ತಂದೆಯವರು ಐಹಿಕ ವ್ಯಾಮೋಹದವರಾಗಿರಲಿಲ್ಲ. ರಾತ್ರಿ ನೀರು ಹಾಯಿಸಿ ದಣಿದಿದ್ದರೂ ಫಜ್ರ್ ತಪ್ಪಿಸಿದವರಲ್ಲ. ತೋಟವನ್ನು ಬಿಟ್ಟು ಹೋಗಲಾರದೆ ಹೋದದ್ದಕ್ಕೆ ನಾವೂ ಕಾರಣರು. ನಗರದಲ್ಲಿ ನೌಕರಿಯಲ್ಲಿದ್ದ ನಾವಿಬ್ಬರಲ್ಲಿ ಒಬ್ಬರಾದರೂ, "ಅಬ್ಬಾ, ಈ ಸಲದ ರಾಶಿಯನ್ನು ನಾವು ನೋಡಿಕೊಳ್ಳುತ್ತೇವೆ, ನೀವು ಹೋಗಿ ಬನ್ನಿ" ಎಂದು ಒಮ್ಮೆಯೂ ಹೇಳಲಿಲ್ಲ. ನಮಗೂ ರಜೆ ಸಿಗುವ ಕಾಲ ಬರಬೇಕಿತ್ತು. ಅವರಿಗೆ ಬೇಕಾಗಿದ್ದುದು ಋತುವಿಗಿಂತ ಹೆಚ್ಚಾಗಿ ಹದಿನೈದು ದಿನ ಹೊಲ ಕಾಯುವ ಒಬ್ಬ ಮಗ. ಇದು ನಮಗೆ ಅರ್ಥವಾದುದು ಕಅಬಾದ ಎದುರು ನಿಂತಾಗ.

ಮರಳುವ ಎರಡು ದಿನ ಮೊದಲು ನಾವು ತನಈಮ್‌ನಲ್ಲಿರುವ ಮಸ್ಜಿದ್ ಆಯಿಶಾಕ್ಕೆ ಹೋಗಿ ಇಹ್ರಾಮ್ ಧರಿಸಿ, ಅಬ್ಬಾರ ಪರವಾಗಿ ಒಂದು ಉಮ್ರಾ ನಿರ್ವಹಿಸಿದೆವು. ಸ್ವೀಕರಿಸುವವನು ಅಲ್ಲಾಹನು.

ಪ್ರಿಯ ಸಹೋದರ ಸಹೋದರಿಯರೇ, ಯಾವ ಋತು ಒಳ್ಳೆಯದೆಂದು ಕೇಳುವವರಿಗೆ ನಾವು ಈಗ ಹೀಗೆ ಹೇಳುತ್ತೇವೆ. ಉಮ್ರಾಕ್ಕಾದರೆ ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗಿನ ಕಾಲ ವೃದ್ಧರಿಗೂ ರೋಗಿಗಳಿಗೂ ಹಿತ. ಶಾಲು ಮರೆಯಬೇಡಿ, ಮಧ್ಯಾಹ್ನದ ಬಿಸಿಲನ್ನು ತಪ್ಪಿಸಿ. ಹಜ್ಜ್ ಯಾವ ಋತುವಿನಲ್ಲಿ ಬಂದರೂ ಕಾನೂನಿನ ದಾರಿಯಲ್ಲಿ, ಅನುಮತಿಯೊಂದಿಗೇ ಹೋಗಿ. ಮನೆಯಲ್ಲಿ ವಯಸ್ಸಾದ ತಂದೆ ತಾಯಿಯರಿದ್ದರೆ, ಅವರು ಯಾವ ಕೆಲಸ ಮುಗಿಯಲೆಂದು ಕಾಯುತ್ತಿದ್ದಾರೆಂದು ಇಂದೇ ಕೇಳಿ ತಿಳಿಯಿರಿ, ಆ ಕೆಲಸವನ್ನು ನೀವು ವಹಿಸಿಕೊಳ್ಳಿ.

ಅಮ್ಮೀ ಈಗ ಕಮಲಾಪುರದಲ್ಲಿದ್ದಾರೆ. ಹಜ್ಜ್ ಅರ್ಜಿಯ ಬಗ್ಗೆ ಆಗಾಗ ವಿಚಾರಿಸುತ್ತಿರುತ್ತಾರೆ. ಇನ್ನು ಮುಂದಿನ ವರ್ಷಗಳಲ್ಲಿ ಹಜ್ಜ್ ಮೆಲ್ಲನೆ ಬೇಸಿಗೆಯಿಂದ ಹಿಂದೆ ಸರಿದು ಚಳಿಗಾಲದತ್ತ ಸಾಗುತ್ತದೆಂದು ನಾವು ಹೇಳಿದಾಗ ಅವರು ನಕ್ಕರು. "ಚಳಿಗಾಲ ಬರೂತನ ನಾ ಇರ್ತೀನೇನು? ಹೆಸರು ಬಂದ್ರ ಬಿಸಲಾಗೇ ಹೋಗಮು" ಎಂದರು. ಈ ವರ್ಷದ ತೊಗರಿಯ ಜವಾಬ್ದಾರಿಯನ್ನು ನಾವು ವಹಿಸಿಕೊಂಡಿದ್ದೇವೆ.

ಅಲ್ಲಾಹನು ನಮ್ಮ ತಂದೆಯವರನ್ನೂ, ಹೋಗಬೇಕೆಂಬ ಹಂಬಲದಲ್ಲೇ ಕಣ್ಣು ಮುಚ್ಚಿದ ಎಲ್ಲರನ್ನೂ ಅವರ ಸಂಕಲ್ಪಕ್ಕೆ ತಕ್ಕಂತೆ ಅನುಗ್ರಹಿಸಲಿ. ಆರೋಗ್ಯವಿರುವಾಗಲೇ ತನ್ನ ಮನೆಯ ದರ್ಶನ ಭಾಗ್ಯವನ್ನು ನಮಗೂ ನಿಮಗೂ ದಯಪಾಲಿಸಲಿ. ಆಮೀನ್.