ಎದುರಾಳಿ ಇಲ್ಲದ ಸೈನ್ಯ

ನಾನೊಬ್ಬ ದಂಡನಾಯಕ. ನಗಬೇಡಿ, ನಿಜ. ಯಡಿಯೂರು ಕೆರೆಯಿಂದ ಐದು ನಿಮಿಷ ನಡೆದರೆ ಸಿಗುವ ನಮ್ಮ ಬಾಡಿಗೆ ಮನೆಯಲ್ಲಿ, ಪುಸ್ತಕದ ಕಪಾಟಿನ ಕೆಳಗಿನ ಎರಡು ಅರೆಗಳಲ್ಲಿ ಎಂಬತ್ತು ಚಿಲ್ಲರೆ ಸೈನಿಕರು ಬಿಡಾರ ಹೂಡಿದ್ದಾರೆ. ಒಬ್ಬೊಬ್ಬನೂ ಹೆಬ್ಬೆರಳಿನ ತುದಿ ಗೆಣ್ಣಿನಷ್ಟು ಎತ್ತರ. ಪ್ಲಾಸ್ಟಿಕ್ ತುಂಡುಗಳಾಗಿ ಬರ್ತಾರೆ. ಕತ್ತರಿಸಿ, ಅಂಟಿಸಿ, ಸಣ್ಣ ಬ್ರಶ್ಶಲ್ಲಿ ಬಣ್ಣ ಹಚ್ಚಬೇಕು. ಆಮೇಲೆ ಟೇಬಲ್ ಮೇಲೆ ಗುಡ್ಡ, ಗೋಡೆ ಜೋಡಿಸಿ, ಟೇಪಿನಲ್ಲಿ ದೂರ ಅಳೆದು, ದಾಳ ಉರುಳಿಸಿ ಯುದ್ಧ. ಆಟದ ಹೆಸರು ವಾರ್‌ಹ್ಯಾಮರ್ 40,000. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿರುವ ಗೇಮ್ಸ್ ವರ್ಕ್‌ಶಾಪ್ ಕಂಪನಿ 1987ರಲ್ಲಿ ಶುರು ಮಾಡಿದ್ದು.

ಅಮ್ಮ ತಿಪಟೂರು ಕಡೆಯವಳು, ಎಲ್ಲದರ ಬೆಲೆಯನ್ನೂ ಕೊಬ್ಬರಿಯಲ್ಲಿ ಲೆಕ್ಕ ಹಾಕ್ತಾಳೆ. ಹತ್ತು ಸೈನಿಕರ ಒಂದು ಡಬ್ಬಿಯ ಬೆಲೆ ಹೇಳಿದಾಗ, ಮನಸ್ಸಲ್ಲೇ ಕೆಜಿಗೆ ಇಳಿಸಿ, "ಇಷ್ಟು ಕೊಟ್ಟೂ ಬಣ್ಣ ನೀನೇ ಹಚ್ಬೇಕೇನೋ?" ಅಂದಳು. ಉತ್ತರ ಕೊಡೋದು ಕಷ್ಟ ಆಯ್ತು.

ಬೆಲೆ ಏರೋದಕ್ಕೆ ಕಾರಣ ಒಂದೇ ಅಲ್ಲ. ಕಂಪನಿ ಏರಿಸುತ್ತೆ. ಪೌಂಡಿನ ಎದುರು ರೂಪಾಯಿ ಇಳಿಯುತ್ತೆ. ಮೂರನೆಯದು ನಮ್ಮದೇ ಸರ್ಕಾರದ್ದು. ಆಟಿಕೆಗಳ ಮೇಲಿನ ಆಮದು ಸುಂಕ 2020ರ ಬಜೆಟ್ಟಿನಲ್ಲಿ 20%ನಿಂದ 60%ಗೆ ಹಾರಿತು, 2023ರಲ್ಲಿ 70% ಆಯ್ತು. ಅಂದ್ರೆ 1,000 ರೂಪಾಯಿಯ ಮಾಲು ಆಟಿಕೆ ಲೆಕ್ಕದಲ್ಲಿ ಬಂದಿಳಿದರೆ ಅಲ್ಲೇ 1,700. ಜಿಎಸ್‌ಟಿ ಬೀಳೋದೂ ಈ 1,700ರ ಮೇಲೆ. ಆಮೇಲೆ ಅಂಗಡಿಯವರ ಲಾಭ.

ಸುಂಕದ ಉದ್ದೇಶದ ಬಗ್ಗೆ ನಂಗೆ ತಕರಾರಿಲ್ಲ. ಆಲೆಮರ ಕಡೆದು, ಅರಗಿನ ಬಣ್ಣ ಏರಿಸುವ ಚನ್ನಪಟ್ಟಣದವರು ಚೀನಾದ ಅಗ್ಗದ ಪ್ಲಾಸ್ಟಿಕ್ ಎದುರು ನಿಲ್ಲಬೇಕಾದ್ರೆ ಏನಾದ್ರೂ ತಡೆ ಬೇಕು. ಆದ್ರೆ ನನ್ನ ಸೈನಿಕರು ಚನ್ನಪಟ್ಟಣದ ಬುಗುರಿಯ ಹೊಟ್ಟೆ ಮೇಲೆ ಹೊಡೆಯುವವರಲ್ಲ.

ನಾನು ಕೊಡಬಲ್ಲೆ. ಹದಿಮೂರು ವರ್ಷದ ಅನುಭವ, ತಿಂಗಳ ಸಂಬಳ, ಸ್ವಲ್ಪ ಗೊಣಗಿ ಕೊಡ್ತೀನಿ. ಪ್ರಶ್ನೆ ನನ್ನದಲ್ಲ, ನನ್ನ ಎದುರು ಕೂರುವವನದು.

ಎರಡು ವರ್ಷ ಭಾನುವಾರಗಳಂದು ನನ್ನ ಎದುರು ಕೂತವನು ಬನಶಂಕರಿ ಎರಡನೇ ಹಂತದ ಒಬ್ಬ ಹುಡುಗ. ಟೆಸ್ಟಿಂಗ್ ಕೆಲಸ, ಪಿಜಿಯಲ್ಲಿ ವಾಸ, ತಂಗಿ ಮದುವೆಯ ಸಾಲ. ಈ ಆಟಕ್ಕೆ 2017, 2020, 2023, ಹೀಗೆ ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬಂತು. ನಿಯಮ ಬದಲಾಯ್ತು ಅಂದ್ರೆ ಪುಸ್ತಕ ಹೊಸದು. ನಿನ್ನೆ ಗೆಲ್ಲಿಸುತ್ತಿದ್ದ ತುಕಡಿ ಇವತ್ತು ದಂಡ. ದೊಡ್ಡ ಪಂದ್ಯಕ್ಕೆ ಒಬ್ಬೊಬ್ಬರ ಸೈನ್ಯವೂ 2,000 ಪಾಯಿಂಟ್ ತೂಗಬೇಕು. 2023ರ ಆವೃತ್ತಿ ಬಂದ ಮೇಲೆ ಅವನು ಫೋನ್ ಮಾಡಿದ: "ಅಣ್ಣ, ಇನ್ನು ನನ್ ಕೈಲಿ ಆಗಲ್ಲ. ಇರೋದನ್ನೂ ಮಾರ್ತಿದೀನಿ. ನೀವು ಆಡ್ಕೊಳ್ಳಿ."

ನಾನು ಆಡ್ಕೊಳ್ಳೋದು ಸರಿ, ಯಾರ ಜೊತೆ?

ನಮ್ಮೂರ ಅರಳಿಕಟ್ಟೆಯಲ್ಲೂ ಯುದ್ಧದಾಟ ಇತ್ತು: ಆಡು-ಹುಲಿ. ಇದ್ದಿಲಿನಲ್ಲಿ ಗೆರೆ ಎಳೆದರೆ ರಣರಂಗ ರೆಡಿ. ಮೂರು ಕಲ್ಲು ಹುಲಿ, ಹದಿನೈದು ಹುಣಸೆ ಬೀಜ ಆಡು. ಹುಲಿ ಹಾರಿ ತಿನ್ನಬೇಕು, ಆಡುಗಳು ಸೇರಿ ಹುಲಿಯನ್ನ ಕಟ್ಟಿಹಾಕಬೇಕು. ಬೀಜ ಕಳೆದುಹೋದರೆ ಕೈ ಚಾಚಿದಲ್ಲಿ ಇನ್ನೊಂದು. ತೋಟದ ಯಜಮಾನರ ಎದುರು ಕೂತು ಅವರ ಮೂರೂ ಹುಲಿಗಳನ್ನ ಕಟ್ಟಿಹಾಕ್ತಿದ್ದವನು ಅವರ ತೋಟಕ್ಕೇ ಕಾಯಿ ಕೀಳಲು ಬರ್ತಿದ್ದ ಮನುಷ್ಯ. ಎಲ್ಲರೂ ಆ ಕಟ್ಟೆ ಹತ್ತಬಹುದಿತ್ತು ಅಂತ ಸುಳ್ಳು ಹೇಳಲ್ಲ. ಊರಿಗೆ ಅದರದೇ ಬೇಲಿಗಳಿದ್ದವು. ಆದ್ರೆ ಅವು ಹುಣಸೆ ಬೀಜದ ಬೆಲೆಯ ಬೇಲಿಗಳಾಗಿರಲಿಲ್ಲ.

ನಮ್ಮ ರಸ್ತೆಯ ಮನೆಗಳಲ್ಲಿ ದಸರೆಗೆ ಗೊಂಬೆ ಕೂರಿಸ್ತಾರೆ. ಅವುಗಳ ಬೆಲೆಯೂ ವರ್ಷ ವರ್ಷ ಏರುತ್ತೆ. ಆದರೂ ಆ ಮನೆಯ ಅಜ್ಜಿಯರಿಗೆ ಇರೋ ಚಿಂತೆ ಈ ಸಲ ಎಷ್ಟು ಮಕ್ಕಳು ಬರ್ತಾರೆ, ಬೊಂಬೆ ಬಾಗಿನದ ಚಕ್ಲಿ ಸಾಕಾಗುತ್ತಾ ಅನ್ನೋದು. ನೋಡೋರಿಲ್ಲದ ಗೊಂಬೆ, ಎದುರಾಳಿ ಇಲ್ಲದ ಸೈನ್ಯ, ಎರಡೂ ಒಂದೇ. ಧೂಳು ಹೊಡೆಯೋ ಸಾಮಾನು.

ಬೆಲೆ ಏರಿದಾಗ ನಾವು ನಮ್ಮ ಜೇಬನ್ನಷ್ಟೇ ನೋಡ್ಕೋತೀವಿ. ಇಬ್ಬರು ಆಡೋ ಆಟದಲ್ಲಿ ಮೊದಲು ಸೋರೋದು ಎದುರಿನವನ ಜೇಬು. ಅವನು ಎದ್ದು ಹೋದ ದಿನ ನಮ್ಮ ಸೈನ್ಯದ ಬೆಲೆ ಸೊನ್ನೆ, ಬಿಲ್ ಎಷ್ಟೇ ಇರಲಿ.

ಹಾಗಾಗಿ ನನ್ನ ಸೈನ್ಯವನ್ನ ಎರಡು ಪಾಲು ಮಾಡಿದೆ. ಒಂದು ಪಾಲು ಬಂದವರಿಗೆ. ದಾಯಾದಿಗಳ ಯುದ್ಧ ನಮ್ಮ ದೇಶಕ್ಕೇನು ಹೊಸದಾ? ಕಿಲ್ ಟೀಮ್ ಅಂತ ಇದರದೇ ಚಿಕ್ಕ ಆಟವಿದೆ, ಕಡೆಗೆ ಹತ್ತು ಹನ್ನೆರಡು ಜನ ಸಾಕು. ಒನ್ ಪೇಜ್ ರೂಲ್ಸ್ ಅನ್ನೋರ ಮೂಲ ನಿಯಮಗಳು ಪುಕ್ಕಟೆ, ಯಾವ ಕಂಪನಿಯ ಬೊಂಬೆ ಇಟ್ಟರೂ ನಡೆಯುತ್ತೆ. ಟ್ಯಾಂಕ್ ಇಲ್ಲದ ಕಡೆ ಬೆಂಕಿಪೊಟ್ಟಣ ಇಡ್ತೀವಿ. ಪಕ್ಕದ ಮನೆಯ ಎಂಟನೇ ಕ್ಲಾಸಿನ ಹುಡುಗಿ ಬರ್ತಾಳೆ, ದಾಳ ಉರುಳಿಸೋ ಮುಂಚೆ ಮಂತ್ರ ಬೇರೆ ಹೇಳ್ತಾಳೆ. ಬನಶಂಕರಿ ಹುಡುಗನೂ ಬರ್ತಾನೆ. ಮೊದಲ ವಾರ ಸಂಕೋಚದಿಂದ ನನ್ನ ಸೈನಿಕರನ್ನ ಗಾಜಿನ ಹಾಗೆ ಮುಟ್ಟುತ್ತಿದ್ದ. ಮೂರನೇ ವಾರ ಅವರನ್ನೇ ಮುಂದೆ ಬಿಟ್ಟು ನನ್ನನ್ನ ಸೋಲಿಸಿ, ಕಾಫಿ ಕೇಳಿದ.

ನಿಮ್ಮ ಹುಚ್ಚು ಬೇರೆ ಇರಬಹುದು: ಸೈಕಲ್ಲು, ಕ್ಯಾಮೆರಾ, ಬೆಟ್ಟ ಹತ್ತೋದು. ಮುಂದಿನ ಸಲ ಏನಾದ್ರೂ ಆರ್ಡರ್ ಮಾಡೋ ಮುಂಚೆ ಕೇಳ್ಕೊಳ್ಳಿ, ಇದು ಬಂದ ಮೇಲೆ ನನ್ನ ಜೊತೆ ಬರೋರು ಜಾಸ್ತಿ ಆಗ್ತಾರಾ, ಕಮ್ಮಿ ಆಗ್ತಾರಾ?

ಈ ಭಾನುವಾರ ನಮ್ಮನೇಲಿ ಒಂದು ಕುರ್ಚಿ ಖಾಲಿ ಇದೆ. ಕೈ ಬೀಸ್ಕೊಂಡು ಬನ್ನಿ, ಸೈನ್ಯ ನಾನು ಕೊಡ್ತೀನಿ.